ಓಕ್ ಗುಡ್ಡಗಳ ಗೋಕಟ್ಟೆಗೆ ಮೊಮ್ಮಕ್ಕಳ ಜೊತೆ: ಹೊರಡುವ ಮುಂಚೆ ಓದಿಕೊಳ್ಳಿ

ಕ್ಯಾಲಿಫೋರ್ನಿಯಾದ ಓಕ್ ಗುಡ್ಡಗಳ ನಡುವೆ ಒಂದು ಗೋಕಟ್ಟೆ, ಇಲ್ಲಿಯವರು ಅದಕ್ಕೆ ಪಾಂಡ್ ಅನ್ನುತ್ತಾರೆ. ಮೊದಲ ಸಲ ನೋಡಿದಾಗ ನಾನು ಹುಡುಕಿದ್ದು ಕೋಡಿ ಎಲ್ಲಿದೆ ಅಂತ. ಮೂವತ್ತೊಂದು ವರ್ಷ ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆ ಏರಿಗಳ ಮೇಲೆ ಟೇಪು ಹಿಡಿದು ಓಡಾಡಿದವನಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? ಎರಡು ಗುಡ್ಡ ಸೇರುವ ಕಡೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಒಟ್ಟಿದ ಏರಿ. ಒಂದು ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗಲು ಕೊಚ್ಚಿದ ಕೋಡಿ. ದನಗಳಿಗೆ ಬೇಸಿಗೆಯಲ್ಲಿ ನೀರು ಬೇಕೆಂದು ಇಲ್ಲಿಯ ರ‍್ಯಾಂಚಿನವರು ಹಿಂದೆ ಕಟ್ಟಿಕೊಂಡದ್ದು. ತುಮಕೂರು, ಚಿತ್ರದುರ್ಗದ ಕಡೆ ನಾವು ಗೋಕಟ್ಟೆ ಅನ್ನುವುದು ಇದನ್ನೇ.

ಮಗಳ ಮನೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ನಾನೂ ನಮ್ಮಾಕೆಯೂ ನಾಲ್ಕು ಸಲ ಬಂದು ತಿಂಗಳುಗಟ್ಟಲೆ ಇದ್ದು ಹೋಗಿದ್ದೇವೆ. ಹೀಗೆ ಬಂದ ನಮ್ಮಂಥ ಅಜ್ಜ ಅಜ್ಜಿಯರು ಸಿಕ್ಕಾಗಲೆಲ್ಲ ಒಂದೇ ದೂರು: ಶನಿವಾರ ಬಂದರೆ ಮಾಲು, ಭಾನುವಾರ ಬಂದರೆ ದೇವಸ್ಥಾನ, ಉಳಿದ ಐದು ದಿನ ಕಿಟಕಿ. ಅಂಥವರಿಗೂ, ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ತಿಳಿಯದ ಮಕ್ಕಳಿಗೂ ಇದನ್ನು ಬರೆಯುತ್ತಿದ್ದೇನೆ. ನಮ್ಮ ತಂಡದಲ್ಲಿ ಎಂಟು ವರ್ಷದ ಪುಟ್ಟಿ, ಐದು ವರ್ಷದ ಚಿನ್ನು, ಮೊಣಕಾಲು ನೋವಿನ ನಮ್ಮಾಕೆ, ಸದಾ ಫೋನು ನೋಡುವ ಅಳಿಯಂದಿರು, ಮಗಳು, ನಾನು. ಈ ಆರೂ ಜನ ಮುಖ ಕೆಡಿಸಿಕೊಳ್ಳದೆ ನಡೆದುಬರಬಹುದಾದ ದಾರಿ ಯಾವುದಿದೆಯೋ ಅದನ್ನೇ ಸುಲಭದ ದಾರಿ ಅನ್ನುತ್ತೇನೆ.

ಯಾವಾಗ ಹೋಗಬೇಕು

ಮೊದಲ ಸಲ ನಾವು ಹೋಗಿದ್ದು ಜುಲೈನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಬೇಸಿಗೆ ರಜೆ, ಎಲ್ಲರಿಗೂ ಬಿಡುವು, ಇನ್ನೇನು ಬೇಕು ಅಂದುಕೊಂಡು ಹೊರಟವನು ನಾನೇ. ಒಂದು ಗುಡ್ಡ ಹತ್ತಿ ಇಳಿದು ನೋಡಿದರೆ ಕಟ್ಟೆಯಲ್ಲಿ ನೀರಿಲ್ಲ. ಅಂಗಳವೆಲ್ಲ ಅಂಗೈಯಗಲ ಬಿರುಕು ಬಿಟ್ಟ ಕೆಸರಿನ ಹೆಪ್ಪು, ನಡುವೆ ಹಂದಿ ಕೆದರಿದ ಗುರುತು. "ತಾತ, ಎಲ್ಲಿ ಪಾಂಡ್?" ಅಂತ ಪುಟ್ಟಿ ಕೇಳಿದಾಗ ನನ್ನ ಬಾಯಲ್ಲೂ ನೀರಿರಲಿಲ್ಲ, ಬಾಟಲಿಯಲ್ಲೂ ಇರಲಿಲ್ಲ.

ಇಲ್ಲಿಯ ಮಳೆಗಾಲ ನಮ್ಮದರ ತಿರುಗುಮುರುಗು, ಅದನ್ನು ತಲೆಯಲ್ಲಿಟ್ಟುಕೊಳ್ಳಿ. ಮಳೆ ಬರುವುದು ಚಳಿಗಾಲದಲ್ಲಿ, ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚಿನವರೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಹನಿ ಬಿದ್ದರೆ ಅದೇ ಸುದ್ದಿ. ಜನವರಿಯಲ್ಲಿ ಗುಡ್ಡಗಳು ಹಸಿರಾಗಲು ಶುರುವಾಗಿ, ಮಾರ್ಚ್ ಏಪ್ರಿಲ್‌ನಲ್ಲಿ ಪಾಪಿ ಹೂವು, ನೀಲಿ ಲೂಪಿನ್ ಹೂವು ಬಂದು, ಮೇ ತಿಂಗಳಿಗೆ ಹುಲ್ಲೆಲ್ಲ ಒಣಗಿ ರಾಗಿ ಹೊಲ ಕೊಯ್ಲಿಗೆ ಬಂದ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ನಿಮ್ಮ ಹಂಗಾಮು. ಆಗ ಕಟ್ಟೆ ತುಂಬಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಬೇಸಿಗೆಯಲ್ಲೇ ಹೋಗಬೇಕೆಂದರೆ ಬೆಳಿಗ್ಗೆ ಪಾರ್ಕು ತೆರೆಯುತ್ತಲೇ ಬೂಟು ಕಟ್ಟಿ, ಬಿಸಿಲೇರುವ ಮೊದಲೇ ವಾಪಸ್ಸು ಕಾರಿನಲ್ಲಿರಬೇಕು. ಮಧ್ಯಾಹ್ನ ಆ ಕಣಿವೆಗಳಲ್ಲಿ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು, ನೆರಳಿರುವುದು ಮರಕ್ಕೊಂದು ಚೂರು.

ದೊಡ್ಡ ಮಳೆಯ ಮಾರನೆಯ ದಿನವೂ ಬೇಡ. ಇಲ್ಲಿಯ ಅಡೋಬೆ ಮಣ್ಣು ನಮ್ಮ ಎರೆಮಣ್ಣಿನ ಅಣ್ಣ. ಹತ್ತು ಹೆಜ್ಜೆಗೆ ಒಂದೊಂದು ಬೂಟೂ ಎರಡು ಕೇಜಿ ತೂಗುತ್ತದೆ, ಇಳಿಜಾರಿನಲ್ಲಿ ಮಗುವಿಗಿಂತ ಮೊದಲು ನೀವೇ ಜಾರುತ್ತೀರಿ. ಮಳೆ ನಿಂತು ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಹೊರಡಿ.

ಎಲ್ಲಿಗೆ

ನಾನು ಹೇಳುವುದು ಜೋಸೆಫ್ ಡಿ. ಗ್ರಾಂಟ್ ಕೌಂಟಿ ಪಾರ್ಕು. ಸ್ಯಾನ್ ಹೋಸೆಯ ಪೂರ್ವಕ್ಕೆ, ಮೌಂಟ್ ಹ್ಯಾಮಿಲ್ಟನ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಹಾಲ್ಸ್ ವ್ಯಾಲಿ ಅನ್ನುವ ಕಣಿವೆಯಲ್ಲಿದೆ. ಹಿಂದೆ ದನ ಮೇಯಿಸುವ ರ‍್ಯಾಂಚು ಆಗಿದ್ದ ಜಾಗ. ಗ್ರಾಂಟ್ ಲೇಕ್ ಅನ್ನುವ ದೊಡ್ಡ ಕಟ್ಟೆ ರಸ್ತೆಗೆ ಹತ್ತಿರದಲ್ಲೇ ಇದೆ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ನೀರು. ಮೊಣಕಾಲು ನೋವಿನವರು ಅಲ್ಲೇ ಕೂತರೂ ಬಂದದ್ದು ವ್ಯರ್ಥವಲ್ಲ. ಕಾಲಿನಲ್ಲಿ ಶಕ್ತಿ ಇರುವವರು ಕಣಿವೆಯ ಕಾಲುದಾರಿ ಹಿಡಿದು ಮುಂದೆ ಹೋಗಬಹುದು. ಮ್ಯಾಕ್‌ಕ್ರೀರಿ ಲೇಕ್, ಬ್ಯಾಸ್ ಲೇಕ್ ಅಂತ ಇನ್ನೂ ಕಟ್ಟೆಗಳಿವೆ. ಹೆಸರಿಗೆ ಲೇಕ್, ಗಾತ್ರಕ್ಕೆ ಗೋಕಟ್ಟೆ.

ರಸ್ತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೆಟ್ಟದ ತುದಿಯಲ್ಲಿರುವ ಲಿಕ್ ವೀಕ್ಷಣಾಲಯಕ್ಕೆ ಸಾಮಾನು ಸಾಗಿಸಲೆಂದು 1876ರಲ್ಲಿ ಮುಗಿಸಿದ ರಸ್ತೆ ಇದು. ಎಳೆಯುವುದು ಕುದುರೆಗಳಾದ್ದರಿಂದ ಏರು ಎಲ್ಲೂ ಸುಮಾರು ಶೇಕಡಾ 6.5 ಮೀರದಂತೆ ಲೆಕ್ಕ ಹಾಕಿ ತಿರುವಿನ ಮೇಲೆ ತಿರುವು ಕೊಟ್ಟಿದ್ದಾರೆ. ವೀಕ್ಷಣಾಲಯಕ್ಕೆ ದುಡ್ಡು ಕೊಟ್ಟ ಜೇಮ್ಸ್ ಲಿಕ್ ಎಂಬಾತನನ್ನು ಅಲ್ಲಿಯ ದೊಡ್ಡ ದೂರದರ್ಶಕದ ಬುಡದಲ್ಲೇ ಹೂಳಿದ್ದಾರಂತೆ ಅಂದಾಗ ಚಿನ್ನು ಬಾಯಿ ತೆರೆದು ಕೇಳಿದ. ಅಂತೆ ಅಲ್ಲ, ನಿಜವೇ. ರಸ್ತೆಯ ಏರಿಳಿತ ಅಳೆದು ಲೆವೆಲಿಂಗ್ ಮಾಡಿದವರ ಕೆಲಸ ನೋಡಿ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಹಿಂದಿನ ಸೀಟಿನಲ್ಲಿದ್ದ ಪುಟ್ಟಿ ಮಾತ್ರ ಒಂಬತ್ತನೆಯ ತಿರುವಿಗೆ ವಾಂತಿ ಮಾಡಿಕೊಂಡಳು. ಆದ್ದರಿಂದ: ಹೊರಡುವ ಮುಂಚೆ ಹಾಲು ಕುಡಿಸಬೇಡಿ, ಒಂದು ಒಣ ಚಪಾತಿಯೋ ಬ್ರೆಡ್ಡೋ ಸಾಕು. ಮಕ್ಕಳ ಕೈಯಿಂದ ಟ್ಯಾಬ್ ತೆಗೆದಿಡಿ, ಕಿಟಕಿ ನಾಲ್ಕು ಬೆರಳು ಇಳಿಸಿ, ಪ್ಲಾಸ್ಟಿಕ್ ಕವರು ಸೀಟಿನ ಕೆಳಗಲ್ಲ, ಕೈಯಲ್ಲೇ ಇರಲಿ. ಮೇಲೆ ಪೆಟ್ರೋಲು ಸಿಗುವುದಿಲ್ಲ, ಊರಲ್ಲೇ ತುಂಬಿಸಿ. ಫೋನಿನ ಸಿಗ್ನಲ್ಲೂ ನೆಚ್ಚಿಕೊಳ್ಳುವಂಥದ್ದಲ್ಲ. ಪಾರ್ಕಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಆಗದಿದ್ದರೆ ಕಾಗದದ ನಕ್ಷೆ ತೆಗೆದುಕೊಳ್ಳಿ. ಯಾವ ಪಾರ್ಕಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಒಂದು ಮೆಸೇಜು ಹಾಕಿ ಹೊರಡುವುದು ನಮ್ಮ ಪದ್ಧತಿ.

ನಾವು ಹೋದಾಗ ಕೌಂಟಿ ಪಾರ್ಕಿನ ಶುಲ್ಕ ಕಾರಿಗೆ ಆರು ಡಾಲರ್ ಇತ್ತು, ಜನಕ್ಕಲ್ಲ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಸೂರ್ಯ ಮುಳುಗುವಷ್ಟರಲ್ಲಿ ಪಾರ್ಕು ಮುಚ್ಚುತ್ತದೆ. ಕಾರಿನ ಸೀಟಿನ ಮೇಲೆ ಬ್ಯಾಗು ಬಿಟ್ಟು ಹೋಗಬೇಡಿ.

ದಾರಿ ಅಳೆಯುವ ಬಗೆ

ಇಲ್ಲಿಯ ಪುಸ್ತಕ, ಆ್ಯಪುಗಳೆಲ್ಲ ಮೈಲಿ ಲೆಕ್ಕ ಹೇಳುತ್ತವೆ. ನಮ್ಮ ಅಳಿಯಂದಿರು ಮೊದಮೊದಲು ಕೈಗಡಿಯಾರ ನೋಡಿಕೊಂಡು "ಇನ್ನೊಂದು ಮೈಲಿ, ಇನ್ನರ್ಧ ಮೈಲಿ" ಅಂತ ಮಕ್ಕಳನ್ನು ಅಟ್ಟಿದರು. ಐದು ವರ್ಷದ ಮಗು ದಾರಿಯಲ್ಲಿ ಕಂಡ ಕಲ್ಲು, ಇರುವೆ, ಸಗಣಿ ಎಲ್ಲವನ್ನೂ ವಿಚಾರಿಸಿಕೊಂಡು ನಡೆದರೆ ಗಂಟೆಗೆ ಒಂದೂವರೆ ಕಿಲೋಮೀಟರು ದಾಟುವುದಿಲ್ಲ. ಅದಕ್ಕೆ ನನ್ನ ಲೆಕ್ಕ ಇಷ್ಟೇ. ಕಾರಿನಿಂದ ಕಟ್ಟೆಗೆ ಎರಡು ಕಿಲೋಮೀಟರಿಗಿಂತ ಹೆಚ್ಚಿರಬಾರದು. ಹೋಗಲು ಹೆಚ್ಚುಕಡಿಮೆ ಒಂದು ಗಂಟೆ ಇಪ್ಪತ್ತು ನಿಮಿಷ, ಬರಲು ಅಷ್ಟೇ, ಕಟ್ಟೆಯ ಹತ್ತಿರ ಕಡಿಮೆಯೆಂದರೆ ಒಂದು ಗಂಟೆ. ಆ ಒಂದು ಗಂಟೆಯನ್ನು ಉಳಿಸಿಕೊಳ್ಳಲು ಬೇಕಾದರೆ ದಾರಿಯನ್ನೇ ಮೊಟಕು ಮಾಡಿ. ಕೆರೆ ನೋಡಲು ಹೋದವರು ಕೆರೆಯ ಹತ್ತಿರ ಐದು ನಿಮಿಷ ನಿಂತು ಸೆಲ್ಫಿ ತೆಗೆದು ಓಡುವುದನ್ನು ಕಂಡರೆ, ಮೇಲಧಿಕಾರಿಗಳು ಜೀಪಿನಿಂದಿಳಿಯದೆ ಕೆರೆ ತಪಾಸಣೆ ಮಾಡುತ್ತಿದ್ದುದು ನೆನಪಾಗುತ್ತದೆ.

ನಕ್ಷೆಯಲ್ಲಿ ಇನ್ನೊಂದನ್ನು ನೋಡಿ. ಎತ್ತರ ತೋರಿಸುವ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ಕಡಿದಾದ ಏರು. ಮಕ್ಕಳು ಹೋಗುವಾಗ ಇಳಿದದ್ದನ್ನು ಬರುವಾಗ ಹತ್ತಬೇಕು, ಅದೂ ಸುಸ್ತಾದ ಮೇಲೆ. ಹೋಗುವಾಗ ಏರು, ಬರುವಾಗ ಇಳಿಜಾರು ಇರುವ ದಾರಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಕೈಚೀಲದಲ್ಲಿ

ನೀರು ದೊಡ್ಡವರಿಗೆ ಒಂದು ಲೀಟರ್, ಮಕ್ಕಳಿಗೆ ಅರ್ಧ ಲೀಟರ್. ಬಿಸಿಲಿದ್ದರೆ ಅದರ ಎರಡರಷ್ಟು. ಕಟ್ಟೆಯ ನೀರು ಕುಡಿಯಲಿಕ್ಕಲ್ಲ, ಮುಖ ತೊಳೆಯಲಿಕ್ಕೂ ಅಲ್ಲ. ಉದ್ದ ತೋಳಿನ ತೆಳು ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ನಮ್ಮಾಕೆ ಮೊದಲು "ಸೀರೆಯಲ್ಲೇ ಬೆಟ್ಟ ಹತ್ತಿದವಳು ನಾನು" ಅಂತ ಹಟ ಹಿಡಿದರು. ಒಣಹುಲ್ಲಿನ ಮುಳ್ಳುತೆನೆ ಅಂಚಿನ ತುಂಬ ಚುಚ್ಚಿಕೊಂಡು, ಮನೆಗೆ ಬಂದು ಎರಡು ಗಂಟೆ ಕೂತು ಬಿಡಿಸಿದ ಮೇಲೆ ಮಗಳ ಪ್ಯಾಂಟು ಹಾಕಿಕೊಂಡರು. ಟೋಪಿ, ಒಂದು ಹಳೇ ಬೆಡ್‌ಶೀಟು, ಸಣ್ಣ ಚಿಮುಟ, ಸಾಬೂನು, ಇನ್ನೊಂದು ಜೊತೆ ಕಾಲುಚೀಲ. ಚಿನ್ನುವಿಗೆ ಒಂದು ಭೂತಗನ್ನಡಿ.

ತಿನ್ನಲು ಚಿತ್ರಾನ್ನ, ಮೊಸರನ್ನ ಎರಡೂ ಸರಿಯೇ, ಆದರೆ ತಟ್ಟೆ ಚಮಚದ ಗಲಾಟೆ. ಈಗ ನಾವು ಚಪಾತಿಗೆ ಪಲ್ಯ ಸುತ್ತಿ ಕಾಗದದಲ್ಲಿ ಕಟ್ಟಿಕೊಳ್ಳುತ್ತೇವೆ, ಜೊತೆಗೆ ಕಿತ್ತಳೆ, ಹುರಿದ ಕಡಲೆಕಾಯಿ. ಸಿಪ್ಪೆ ಎಲ್ಲಾ ವಾಪಸ್ಸು ಚೀಲಕ್ಕೆ. ಕಿತ್ತಳೆ ಸಿಪ್ಪೆ ಮಣ್ಣಾಗುತ್ತದಲ್ಲ ಅಂತ ನಾನೂ ವಾದ ಮಾಡಿದ್ದೆ. ಆ ಒಣ ಗುಡ್ಡದಲ್ಲಿ ಅದು ಮಣ್ಣಾಗಲು ತಿಂಗಳುಗಳೇ ಬೇಕು ಅಂದಳು ಮಗಳು. ಮುಂದಿನ ಸಲ ಹೋದಾಗ ಯಾರೋ ಎಸೆದ ಸಿಪ್ಪೆ ಒಣಗಿ ಕಿವಿಯಂತೆ ಸುರುಟಿ ಬಿದ್ದಿತ್ತು. ಸುಮ್ಮನಾದೆ.

ಮರಗಳ ಗುರುತು

ದೂರದಿಂದ ನೋಡಿದರೆ ಹುಲ್ಲುಗಾವಲಿನ ಮೇಲೆ ಅಲ್ಲೊಂದು ಇಲ್ಲೊಂದು ಛತ್ರಿ ನೆಟ್ಟಂತೆ ಕಾಣುತ್ತದೆ. ಎಲ್ಲವೂ ಓಕ್, ಆದರೆ ಎಲ್ಲವೂ ಒಂದಲ್ಲ. ಮಕ್ಕಳಿಗೆ ಮೂರನ್ನು ಕಲಿಸಿದರೆ ಸಾಕು, ನಡಿಗೆ ಆಟವಾಗುತ್ತದೆ. ಎಲೆ ಚಿಕ್ಕದಾಗಿ, ಗಟ್ಟಿಯಾಗಿ, ಅಂಚಿನಲ್ಲಿ ಮುಳ್ಳಿದ್ದು ಚಳಿಗಾಲದಲ್ಲೂ ಹಸಿರಾಗಿದ್ದರೆ ಕೋಸ್ಟ್ ಲೈವ್ ಓಕ್. ಎಲೆ ಬೆರಳು ಬಿಡಿಸಿದ ಕೈಯಂತೆ ಆಳವಾಗಿ ಸೀಳಿದ್ದರೆ ವ್ಯಾಲಿ ಓಕ್, ಅಮೆರಿಕದ ಓಕ್‌ಗಳಲ್ಲೇ ಭಾರಿ ಮರ. ಎಲೆಯಲ್ಲಿ ಬೂದಿ ಬಳಿದಂಥ ನೀಲಿ ಛಾಯೆ ಇದ್ದರೆ ಬ್ಲೂ ಓಕ್. ಬರ ಬಿದ್ದ ವರ್ಷ ಬೇಸಿಗೆಯಲ್ಲೇ ಎಲೆ ಉದುರಿಸಿ ಜೀವ ಹಿಡಿದುಕೊಳ್ಳುವ ಮರ ಅದು. ದೊಡ್ಡ ಓಕ್‌ಗಳು ಗಾಳಿಯಿಲ್ಲದ ಬೇಸಿಗೆಯ ದಿನವೂ ಕೊಂಬೆ ಕಳಚಿ ಬೀಳಿಸುವುದುಂಟು, ಆದ್ದರಿಂದ ಬೆಡ್‌ಶೀಟನ್ನು ದಪ್ಪ ಕೊಂಬೆಯ ನೇರ ಕೆಳಗೆ ಹಾಸಬೇಡಿ.

ಸತ್ತ ಕೊಂಬೆಯ ಮೇಲೋ ಕಾಂಡದ ಮೇಲೋ ಚಕ್ಕುಲಿ ಒರಳಿನ ಬಿಲ್ಲೆಯಂತೆ ಸಾವಿರಾರು ತೂತು ಕಂಡರೆ ನಿಲ್ಲಿಸಿ ತೋರಿಸಿ. ಏಕಾರ್ನ್ ಮರಕುಟಿಗದ ಕಣಜ ಅದು. ತೂತಿಗೊಂದು ಓಕ್ ಕಾಯಿ ಗಿಡಿದು ಇಡುತ್ತದೆ. ಕಾಯಿ ಒಣಗಿ ಸಣ್ಣದಾಗಿ ಸಡಿಲವಾದರೆ ತೆಗೆದು ಬೇರೆ ತೂತಿಗೆ ಹಾಕುತ್ತದೆ. ಒಂದೊಂದು ಕಣಜಕ್ಕೆ ಒಂದೊಂದು ಕೂಡುಕುಟುಂಬ. ಚಿಕ್ಕಪ್ಪ ದೊಡ್ಡಪ್ಪ ಎಲ್ಲ ಸೇರಿ ಮರಿ ಸಾಕುತ್ತವೆ, ಕಳ್ಳರು ಬಂದರೆ ಎಲ್ಲ ಸೇರಿ ಕಿರುಚುತ್ತವೆ. "ನಾವು ಇಂಡಿಯಾದಲ್ಲಿ ಇದ್ದ ಹಾಗೆ" ಅಂದಳು ಪುಟ್ಟಿ. ಅವಳು ಅಲ್ಲಿ ಇದ್ದದ್ದು ಎಲ್ಲಾ ಸೇರಿ ಎರಡು ತಿಂಗಳು.

ಈ ಸೀಮೆಯ ಮೂಲನಿವಾಸಿಗಳಾದ ಓಲೋನಿ ಜನರಿಗೂ ಇದೇ ಕಾಯಿ ಅನ್ನ. ಕಾಯಿಯಲ್ಲಿ ಒಗರು ವಿಪರೀತ. ಕುಟ್ಟಿ ಹಿಟ್ಟು ಮಾಡಿ, ಮತ್ತೆ ಮತ್ತೆ ನೀರು ಹುಯ್ದು ಒಗರು ಬಸಿದು, ಆಮೇಲೆ ಗಂಜಿ ಕಾಯಿಸುತ್ತಿದ್ದರು. ಅವರು ಕುಟ್ಟುತ್ತಿದ್ದ ಒರಳುಗುಳಿಗಳು ಈ ಗುಡ್ಡಸೀಮೆಯ ಕೆಲವು ಬಂಡೆಗಳಲ್ಲಿ ಇವತ್ತಿಗೂ ಇವೆ. ಕಂಡರೆ ನೋಡಿ, ಮೇಲೆ ಹತ್ತಿ ಕುಣಿಯಬೇಡಿ. ಕಾಯಿ, ಹೂವು, ಗರಿ ಯಾವುದನ್ನೂ ಪಾರ್ಕಿನಿಂದ ಮನೆಗೆ ತರುವ ಹಾಗಿಲ್ಲ. ಚಿನ್ನುವಿನ ಜೇಬನ್ನು ಪ್ರತಿ ಸಲ ಕಾರಿನ ಹತ್ತಿರ ತಲಾಶಿ ಮಾಡಬೇಕಾಗುತ್ತದೆ.

ಮೂರೆಲೆಯ ಗಿಡ

ಈ ಭಾಗವನ್ನು ಎರಡು ಸಲ ಓದಿ, ಯಾಕೆಂದರೆ ನಾನು ಓದದೆ ಹೋಗಿದ್ದೆ.

ಎರಡನೆಯ ಸಲ ಬಂದಾಗ, ಜನವರಿ ತಿಂಗಳು. ದಾರಿಯ ಪಕ್ಕ ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಪೊದೆ, ನೆಟ್ಟಗಿನ ಕಡ್ಡಿಗಳು. ಇಳಿಜಾರಿಗೆ ಊರುಗೋಲಾಗುತ್ತದೆ ಅಂತ ಒಂದನ್ನು ಮುರಿದು, ಸಿಪ್ಪೆ ಸುಲಿದು ನುಣುಪು ಮಾಡಿಕೊಂಡು ಇಡೀ ದಿನ ಹಿಡಿದು ನಡೆದೆ. ಬೆವರು ಒರೆಸಿಕೊಂಡದ್ದೂ ಅದೇ ಕೈಯಲ್ಲಿ. ಮೂರನೆಯ ದಿನ ಅಂಗೈ, ಮುಂಗೈ, ಕುತ್ತಿಗೆ, ಎಡಗಣ್ಣಿನ ಸುತ್ತ ಬೊಬ್ಬೆ. ಎರಡು ವಾರ ನಿದ್ದೆಯಿಲ್ಲ. ಅದು ಪಾಯ್ಸನ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಓಕ್ ಜಾತಿಯದಲ್ಲ, ನಮ್ಮ ಮಾವು, ಗೇರಿನ ಕುಟುಂಬದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ, ಮಾವಿನ ಸೊನೆಗೆ ತುಟಿ ಹುಣ್ಣಾದವರಿಗೆ ಬೇಗ ಅರ್ಥವಾಗುತ್ತದೆ. ಇದರ ಸೊನೆಯಲ್ಲಿರುವ ಉರುಶಿಯಾಲ್ ಎಂಬ ಎಣ್ಣೆ ಎಲೆಯಲ್ಲಷ್ಟೇ ಅಲ್ಲ, ಕಡ್ಡಿಯಲ್ಲೂ ಬೇರಲ್ಲೂ ಇರುತ್ತದೆ. ಎಲೆ ಉದುರಿದ ಮೇಲೂ ಇರುತ್ತದೆ.

ಎಲೆ ಇರುವಾಗ ಗುರುತಿಸುವುದು ಸುಲಭ. ಬಿಲ್ವಪತ್ರೆಯಂತೆ ಮೂರು ದಳ, ನಡುವಿನ ದಳಕ್ಕೆ ಮಾತ್ರ ಉದ್ದ ತೊಟ್ಟು. ಅಂಚು ಓಕ್ ಎಲೆಯಂತೆ ಅಲೆಯಲೆ. ಫೆಬ್ರವರಿ ಮಾರ್ಚ್‌ನಲ್ಲಿ ಚಿಗುರು ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಬೇಸಿಗೆಯ ಕೊನೆಗೆ ಕೆಂಪಾಗಿ ಬಲು ಚೆಂದ ಕಾಣುತ್ತದೆ. ಶಿವರಾತ್ರಿಯ ಮುಂಚಿನ ಭಾನುವಾರ ನಮ್ಮಾಕೆ "ನೋಡ್ರೀ, ಪತ್ರೆ!" ಅಂತ ಕೈ ಚಾಚಿಯೇಬಿಟ್ಟಿದ್ದರು, ಮಗಳು ಕೂಗಿದ್ದರಿಂದ ಉಳಿದರು. ಪುಟ್ಟಿ ಕಟ್ಟಿದ ಪದವನ್ನೇ ನಿಮ್ಮ ಮಕ್ಕಳಿಗೂ ಹೇಳಿಕೊಡಿ: ಮೂರೆಲೆ ಕಂಡರೆ ಮೂರಡಿ ದೂರ. ಚಳಿಗಾಲದಲ್ಲಿ ಗುರುತು ಸಿಗದ ಯಾವ ಬೋಳು ಕಡ್ಡಿಯನ್ನೂ ಮುಟ್ಟಬೇಡಿ. ಕೋಲು ಬೇಕಿದ್ದರೆ ಮನೆಯಿಂದ ತನ್ನಿ.

ತಾಗಿತೆಂದು ಅನುಮಾನ ಬಂದರೂ ಸಾಕು, ತಡಮಾಡದೆ ಸಾಬೂನು, ತಣ್ಣೀರಿನಿಂದ ಉಜ್ಜಿ ತೊಳೆಯಬೇಕು. ಬೈಕ್ ಗ್ರೀಸು ಬಿಡಿಸುವಂತೆ ಉಜ್ಜಿ, ಸುಮ್ಮನೆ ನೀರು ಹನಿಸಿದರೆ ಹೋಗುವುದಿಲ್ಲ. ಬಟ್ಟೆ, ಬೂಟಿನ ದಾರ, ಊರುಗೋಲು ಎಲ್ಲದರ ಮೇಲೂ ಎಣ್ಣೆ ತಿಂಗಳುಗಟ್ಟಲೆ ಉಳಿಯುತ್ತದೆ, ಅವನ್ನೂ ತೊಳೆಯಿರಿ. ಬೊಬ್ಬೆಯ ನೀರಿನಿಂದ ಅದು ಹರಡುವುದಿಲ್ಲ. ಮೊಮ್ಮಕ್ಕಳನ್ನು ನನ್ನ ಹತ್ತಿರ ಬಿಡದೆ ಎರಡು ವಾರ ದೂರ ಇಟ್ಟದ್ದು ಅನಾವಶ್ಯಕ ಅಂತ ಆಮೇಲೆ ತಿಳಿಯಿತು. ಕಣ್ಣು, ಬಾಯಿಯ ಸುತ್ತ ಬಂದರಂತೂ ಡಾಕ್ಟರ ಹತ್ತಿರ ಹೋಗಲೇಬೇಕು.

ಉಳಿದ ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಕ್ತ ಹೀರುವ ಉಣ್ಣೆ ಹುಳು (ಟಿಕ್) ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತದೆ, ಆದ್ದರಿಂದ ದಾರಿಯ ನಡುವೆ ನಡೆಯಿರಿ. ಮನೆಗೆ ಬಂದ ಮೇಲೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಮೊಣಕಾಲಿನ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೆಂಕಿಕಡ್ಡಿ, ಎಣ್ಣೆ, ಸುಣ್ಣ ಯಾವುದೂ ಬೇಡ. ಆಮೇಲೆ ಕೆಲವು ವಾರದೊಳಗೆ ಜ್ವರವೋ ಅಗಲವಾದ ಕೆಂಪು ಕಲೆಯೋ ಬಂದರೆ ಡಾಕ್ಟರಿಗೆ ಉಣ್ಣೆ ಕಚ್ಚಿದ್ದನ್ನು ಹೇಳಿ, ಲೈಮ್ ಕಾಯಿಲೆ ಹರಡುವುದು ಇದರಿಂದಲೇ. ಬಿಸಿಲೇರಿದ ಮೇಲೆ ರ‍್ಯಾಟಲ್ ಹಾವು ದಾರಿಯಲ್ಲೇ ಮಲಗಿರಬಹುದು. ಕಲ್ಲು, ಮರದ ದಿಮ್ಮಿಯ ಹಿಂದೆ ಕಣ್ಣು ಹಾಯಿಸದೆ ಕಾಲು ಹಾಕಬೇಡಿ, ಕೈಯಂತೂ ಹಾಕಲೇಬೇಡಿ. ಬಾಲ ಗಿಲಕಿಯಂತೆ ಸದ್ದು ಮಾಡಿದರೆ ನಿಂತು, ಎಲ್ಲಿದೆ ನೋಡಿ, ಹಿಂದೆ ಸರಿಯಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಪರ್ವತ ಸಿಂಹ, ಅಂದರೆ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು, ಇದೆ ಅನ್ನುವ ಬೋರ್ಡು ನೋಡಿ ನಮ್ಮಾಕೆ ಕಾರಿನಿಂದ ಇಳಿಯಲೇ ಇಲ್ಲ ಒಂದು ಸಲ. ಕಾಣಿಸುವುದೇ ಅಪರೂಪ. ಮಕ್ಕಳು ದೊಡ್ಡವರ ನಡುವೆ ನಡೆಯಲಿ, ಕಂಡರೆ ಓಡದೆ ಚಿಕ್ಕವರನ್ನು ಎತ್ತಿಕೊಂಡು ಗಟ್ಟಿಯಾಗಿ ಕೂಗಿ. ದನಗಳಿದ್ದರೆ ಹಸು ಕರುವಿನ ನಡುವೆ ನುಗ್ಗಬೇಡಿ. ಇದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ.

ಕಟ್ಟೆಯ ಹತ್ತಿರ

ಸದ್ದು ಮಾಡದೆ ಹೋಗಿ ಅಂದರೆ ಮಕ್ಕಳು ಕೇಳುವುದಿಲ್ಲ. ಅದಕ್ಕೆ ಹೀಗೆ ಮಾಡಿ. ಸಂಜೆ ನಾಲ್ಕರ ಹೊತ್ತಿಗೆ, ಮಾರ್ಚ್‌ನಲ್ಲಿ, ಕಟ್ಟೆಗೆ ನೂರು ಹೆಜ್ಜೆ ಇರುವಾಗಲೇ ಕಪ್ಪೆಗಳ ವಟವಟ ಕೇಳಬಹುದು. ಹತ್ತಿರ ಹೋದ ಕೂಡಲೇ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಈಗ ಪಂದ್ಯ: ಎಷ್ಟು ನಿಮಿಷ ಅಲುಗದೆ ಕೂತರೆ ಮೊದಲನೆಯ ಕಪ್ಪೆ ಮತ್ತೆ ಶುರುಮಾಡುತ್ತದೆ? ನಮ್ಮ ದಾಖಲೆ ಆರು ನಿಮಿಷ. ಒಂದು ಶುರುಮಾಡಿದರೆ ಎಲ್ಲವೂ ಸೇರಿಕೊಳ್ಳುತ್ತವೆ. ಅಷ್ಟು ಗದ್ದಲ ಮಾಡುವ ಪೆಸಿಫಿಕ್ ಕೋರಸ್ ಕಪ್ಪೆ ಹೆಬ್ಬೆರಳಿನ ಗಾತ್ರ ಮೀರುವುದಿಲ್ಲ, ಕಣ್ಣಿನ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಪಟ್ಟೆ.

ಜೊಂಡಿನ ಮೇಲೆ ಹೆಗಲಿಗೆ ಕೆಂಪು ಬಿಲ್ಲೆ ಕಟ್ಟಿಕೊಂಡ ಕಪ್ಪು ಹಕ್ಕಿ, ನೀರಿನಲ್ಲಿ ನಮ್ಮ ಕೆರೆಗಳ ನಾಮದ ಕೋಳಿಯ ತಮ್ಮನಂಥ ಕೂಟ್ ಹಕ್ಕಿ, ದಿಮ್ಮಿಯ ಮೇಲೆ ಬಿಸಿಲು ಕಾಯಿಸುವ ಆಮೆ, ಮೇಲೆ ಏರೋಪ್ಲೇನ್ ಚಿಟ್ಟೆ. ಅಂಚಿನಲ್ಲಿ ಗೊದಮೊಟ್ಟೆ. ಚಳಿಗಾಲದಿಂದ ವಸಂತದವರೆಗೆ ನ್ಯೂಟ್ ಎಂಬ ಪ್ರಾಣಿ ಮೊಟ್ಟೆಯಿಡಲು ಕಟ್ಟೆಗೆ ಬರುತ್ತದೆ. ನೋಡಲು ಹಲ್ಲಿಯಂತೆ, ಹೊಟ್ಟೆ ಕಿತ್ತಳೆ ಬಣ್ಣ. ಓಡಲು ಬಾರದು, ಅಷ್ಟು ನಿಧಾನ, ಅದಕ್ಕೇ ಮಕ್ಕಳ ಕೈ ಹೋಗುತ್ತದೆ. ಅದರ ಚರ್ಮದಲ್ಲಿರುವುದು ಪಫರ್ ಮೀನಿನಲ್ಲಿರುವ ವಿಷವೇ. ಮುಟ್ಟುವುದು ಬೇಡ, ಮುಟ್ಟಿಬಿಟ್ಟರೆ ಬಾಯಿಗೆ, ಕಣ್ಣಿಗೆ ಕೈ ಹೋಗುವ ಮೊದಲು ತೊಳೆಯಿರಿ. ಬೇಸಿಗೆಯ ಕೊನೆಯಲ್ಲಿ ನೀರು ಹಸಿರು ಬಣ್ಣ ಕಲಕಿದಂತೆ ಕಂಡರೆ ವಿಷದ ಪಾಚಿ ಇರಬಹುದು. ಆಗ ಕಾಲು ಕೂಡ ಇಳಿಬಿಡಬೇಡಿ, ನಾಯಿ ಇದ್ದರೆ ಹಿಡಿದುಕೊಳ್ಳಿ.

ನಾನಂತೂ ಏರಿ ನೋಡಲು ಹೋಗುತ್ತೇನೆ. ಇಲ್ಲಿಯ ನೆಲದಳಿಲುಗಳು ಏರಿಯನ್ನೇ ಕೊರೆದು ಬಿಲ ಮಾಡಿಕೊಂಡಿರುತ್ತವೆ. ನಮ್ಮ ಕಡೆ ಏಡಿ, ಹೆಗ್ಗಣ ಮಾಡುವ ಕೆಲಸ. ಬಿಲದ ಜಾಡು ಹಿಡಿದೇ ಏರಿ ಸೋರಲು ಶುರುವಾಗುವುದು. "ಇದನ್ನು ಮುಚ್ಚಿಸಬೇಕು" ಅಂತ ನಾನು ಗೊಣಗಿದ್ದಕ್ಕೆ ಮಗಳು ಅಲ್ಲಿಯ ಫಲಕ ಓದಿಸಿದಳು. ಟೈಗರ್ ಸಾಲಮ್ಯಾಂಡರ್ ಅನ್ನುವ, ನ್ಯೂಟಿನ ಬಳಗದ ಅಪರೂಪದ ಜೀವಿ ಕಟ್ಟೆಯಲ್ಲಿ ಹುಟ್ಟಿ, ವರ್ಷದ ಹೆಚ್ಚು ಕಾಲ ಈ ಅಳಿಲುಗಳ ಬಿಲದಲ್ಲೇ ಬದುಕುತ್ತದೆ. ಸರಿ, ಸೋರಲಿ.

ಇನ್ನೊಂದು ವಿಷಯ ನನ್ನ ಮೂವತ್ತೊಂದು ವರ್ಷದ ಪಾಠಕ್ಕೇ ಅಡ್ಡ ಬಂತು. ಬತ್ತಿದ ಕೆರೆ ಎಂದರೆ ನನಗೆ ಸೋತ ಕೆರೆ. ಹೂಳು, ಸೋರಿಕೆ, ಒತ್ತುವರಿ, ಏನೋ ಒಂದು ತಪ್ಪು ಇರಲೇಬೇಕು. ಇಲ್ಲಿ ಹಾಗಲ್ಲ. ಅಮೆರಿಕದ ಪೂರ್ವ ಭಾಗದಿಂದ ತಂದು ಬಿಟ್ಟ ಬುಲ್‌ಫ್ರಾಗ್ ಎಂಬ ದಢೂತಿ ಕಪ್ಪೆ ಇಲ್ಲಿಯ ಕಪ್ಪೆಗಳನ್ನು ನುಂಗಿಹಾಕುತ್ತದೆ. ಆದರೆ ಅದರ ಗೊದಮೊಟ್ಟೆ ಕಪ್ಪೆಯಾಗಲು ಹೆಚ್ಚಾಗಿ ಒಂದು ಚಳಿಗಾಲ ದಾಟಬೇಕು, ಅಷ್ಟೂ ದಿನ ನೀರು ಬೇಕು. ಬೇಸಿಗೆಯ ಕೊನೆಗೆ ಕಟ್ಟೆ ಬತ್ತಿದರೆ ಅದು ಬೆಳೆಯುವುದಿಲ್ಲ, ಹೊರಗಿನಿಂದ ತಂದುಬಿಟ್ಟ ಬ್ಯಾಸ್ ಮೀನೂ ಉಳಿಯುವುದಿಲ್ಲ. ಬೇಗ ಬೆಳೆದು ನೀರಿನಿಂದ ಹೊರಬೀಳುವ ಊರಿನ ಕಪ್ಪೆ, ಸಾಲಮ್ಯಾಂಡರ್‌ಗಳು ಬದುಕಿಕೊಳ್ಳುತ್ತವೆ. 2014ರಲ್ಲಿ ಈ ರಾಜ್ಯ ತನ್ನ ರಾಜ್ಯ ಉಭಯಚರ ಅಂತ ಘೋಷಿಸಿದ ಕೆಂಗಾಲು ಕಪ್ಪೆಗೂ ಇಂಥ ಕಟ್ಟೆಗಳೇ ಆಸರೆ. ಜುಲೈನಲ್ಲಿ ನಾನು ಬೈದುಕೊಂಡ ಆ ಬಿರುಕು ಬಿಟ್ಟ ಅಂಗಳ ಕೆಟ್ಟ ಕಟ್ಟೆಯಾಗಿರಲಿಲ್ಲ.

ಇದು ಹಿಡಿಸಿದರೆ ಮುಂದಿನದು

ಮೋರ್ಗನ್ ಹಿಲ್ ಊರಿನ ಮೇಲೆ ಹೆನ್ರಿ ಕೋ ಸ್ಟೇಟ್ ಪಾರ್ಕಿದೆ. ಸುಮಾರು 87,000 ಎಕರೆ. ಸೇಡಾ ಕೋ ಎಂಬ ಹೆಣ್ಣುಮಗಳು ತನ್ನ ತಂದೆಯ ನೆನಪಿಗೆಂದು 1953ರಲ್ಲಿ ರ‍್ಯಾಂಚನ್ನೇ ದಾನ ಕೊಟ್ಟಿದ್ದರಿಂದ ಶುರುವಾದದ್ದು. ಅಲ್ಲಿಯ ಫ್ರಾಗ್ ಲೇಕ್‌ಗೆ ಫ್ಲ್ಯಾಟ್ ಫ್ರಾಗ್ ಅನ್ನುವ ಕಾಲುದಾರಿ ಹೆಸರಿಗೆ ತಕ್ಕಂತೆ ಬಹುಪಾಲು ಸಮತಟ್ಟು, ಗುಡ್ಡದ ಪಕ್ಕೆಯಲ್ಲಿ ನೆರಳಿನೊಳಗೆ ಸಾಗುತ್ತದೆ. ಹೋಗಿಬರಲು ಒಂಬತ್ತು ಹತ್ತು ಕಿಲೋಮೀಟರು ಆಗುತ್ತದಾದ್ದರಿಂದ ಚಿನ್ನುವಿನ ವಯಸ್ಸಿನವರಿಗೆ ಈಗಲೇ ಬೇಡ. ಹತ್ತಿರದ ದಾರಿಯೆಂದು ಹಾಬ್ಸ್ ರೋಡ್ ಹಿಡಿದರೆ ಏರು ಎದೆಗೆ ಬರುತ್ತದೆ. ಅಲ್ಲಿಗೂ ರಸ್ತೆ ತಿರುವುಮುರುವೇ, ಕವರು ಮರೆಯಬೇಡಿ.

ಕಳೆದ ಮಾರ್ಚ್‌ನಲ್ಲಿ ಎರಡು ವಾರ ಬಿಡದೆ ಮಳೆ ಹುಯ್ದು ನಿಂತ ಮೂರನೆಯ ದಿನ ಮತ್ತೆ ಹೋಗಿದ್ದೆವು. ನಾನು ಬೂಟು ಕಟ್ಟಿಕೊಂಡು ಏಳುವಷ್ಟರಲ್ಲಿ ಪುಟ್ಟಿ ಮುಂದೆ ಓಡಿ, ಏರಿಯ ತುದಿಯಿಂದ ಕೈ ಬೀಸಿ ಕೂಗಿದಳು: "ತಾತ, ಕೋಡಿ ಬಿದ್ದಿದೆ!"